ವಸಡಿನ ಕೋಟೆಯನ್ನು ಕಾಯುವವರು ಯಾರು?



"ಹಲ್ಲು ಉಜ್ಜುವಾಗ ವಸಡಿನಿಂದ ರಕ್ತ ಬರ್ತದರಿ, ಉಷ್ಣ ಆಗಿರಬೇಕು." ಈ ಮಾತನ್ನು ನೀವು ಎಷ್ಟೋ ಸಲ ಕೇಳಿರುವಿರಿ. ನೀವೇ ಆಡಿಯೂ ಇರಬಹುದು. ಎರಡು ದಿನ ಮಜ್ಜಿಗೆ ಕುಡಿದು ಸುಮ್ಮನಾಗುವುದು ನಮ್ಮ ವಾಡಿಕೆ. ಎತ್ತು ಕುಂಟಿದರೆ ಅಂದೇ ಪಶುವೈದ್ಯರ ಬಳಿಗೆ ಹೊಡೆದುಕೊಂಡು ಹೋಗುವ ನಾವು, ನಮ್ಮ ಬಾಯಿಯಲ್ಲಿ ರಕ್ತ ಕಂಡರೆ ಉಗುಳಿ ಹೊಲದ ದಾರಿ ಹಿಡಿಯುತ್ತೇವೆ. ಹತ್ತು ವರ್ಷ ಕಳೆದ ಮೇಲೆ ಗಟ್ಟಿಮುಟ್ಟಾದ, ಹುಳುಕಿಲ್ಲದ ಹಲ್ಲು ತಾನಾಗಿ ಅಲುಗಾಡತೊಡಗುತ್ತದೆ. ಆಗ "ವಯಸ್ಸಾಯಿತು" ಎನ್ನುತ್ತೇವೆ.

ಇದು ಉಷ್ಣವೂ ಅಲ್ಲ, ವಯಸ್ಸೂ ಅಲ್ಲ. ಇದು ವಸಡಿನ ರೋಗ. ನೋವಿಲ್ಲದೆ ಬರುವುದರಿಂದಲೇ ಇದು ಮೋಸದ ರೋಗ. ಇದು ಹೇಗೆ ಹುಟ್ಟುತ್ತದೆ, ದೇಹವು ಇದನ್ನು ಹೇಗೆ ಎದುರಿಸುತ್ತದೆ, ನಾವು ಮಾಡಬೇಕಾದದ್ದೇನು ಎಂಬುದನ್ನು ಒಂದೊಂದಾಗಿ ತಿಳಿಯೋಣ.

ಬೆಳಗಾವಿಯ ಕೋಟೆಯನ್ನು ನೆನೆಯಿರಿ

ಸಂತೆಗೋ ಕಚೇರಿ ಕೆಲಸಕ್ಕೋ ಬೆಳಗಾವಿಗೆ ಹೋದಾಗ ಕೋಟೆಯನ್ನು ನೋಡಿರುವಿರಿ. ರಟ್ಟರ ಕಾಲದಲ್ಲಿ ಬಿಚಿರಾಜನು ಕಟ್ಟಿಸಿದ ಕೋಟೆ ಅದು. ಅದರೊಳಗಿನ ಕಮಲ ಬಸದಿ 1204ರದು. ಕೋಟೆಗೆ ಕಲ್ಲಿನ ಗೋಡೆಯಿದೆ, ಗೋಡೆಯ ಹೊರಗೆ ಸುತ್ತಲೂ ಕಂದಕವಿದೆ. 1818ರಲ್ಲಿ ಮನ್ರೋನ ಸೈನ್ಯ ಮುತ್ತಿಗೆ ಹಾಕಿ ಈ ಕೋಟೆಯನ್ನು ಹಿಡಿಯಿತು.

ನಿಮ್ಮ ಬಾಯಿಯಲ್ಲಿಯೂ ಇಂಥ ಕೋಟೆಯಿದೆ. ಪ್ರತಿ ಹಲ್ಲಿನ ಸುತ್ತಲೂ ವಸಡು ಗೋಡೆಯಂತೆ ನಿಂತಿದೆ. ಹಲ್ಲಿಗೂ ವಸಡಿಗೂ ನಡುವೆ ಸಣ್ಣ ಕಂದಕವಿದೆ. ಆರೋಗ್ಯವಂತರಲ್ಲಿ ಅದರ ಆಳ 1ರಿಂದ 3 ಮಿಲಿಮೀಟರ್ ಮಾತ್ರ. ಕೆಳಗೆ ದವಡೆಯ ಎಲುಬು, ಎಲುಬಿಗೂ ಹಲ್ಲಿನ ಬೇರಿಗೂ ನಡುವೆ ಹುರಿಯಂತಹ ನಾರುಗಳು. ಹಲ್ಲು ನಿಂತಿರುವುದು ಈ ನಾರು ಮತ್ತು ಎಲುಬಿನ ಬಲದಿಂದಲೇ. ಮಣ್ಣು ಕೊಚ್ಚಿಹೋದರೆ ಗಟ್ಟಿ ಮರವೂ ಉರುಳುವಂತೆ, ಇವು ಸವೆದರೆ ಎಂಥ ಗಟ್ಟಿ ಹಲ್ಲೂ ನಿಲ್ಲುವುದಿಲ್ಲ.

ಮುತ್ತಿಗೆ ಹಾಕುವವರು

ಹಳೆಯ ಬಾವಿಯ ಮೆಟ್ಟಿಲಿನ ಮೇಲೆ ಪಾಚಿ ಕಟ್ಟುವುದನ್ನು ಬಲ್ಲಿರಿ. ಹಲ್ಲಿನ ಮೇಲೂ ಹಾಗೆಯೇ ಬಿಳಿ-ಹಳದಿ ಬಣ್ಣದ ಅಂಟು ಪಾಚಿ ಕಟ್ಟುತ್ತದೆ. ಬೆಳಗ್ಗೆ ಎದ್ದಾಗ ನಾಲಿಗೆಯಿಂದ ಹಲ್ಲು ಮುಟ್ಟಿದರೆ ಜಿಗುಟು ಎನಿಸುವುದು ಇದೇ. ಇದರಲ್ಲಿ ಕೋಟಿಗಟ್ಟಲೆ ಸೂಕ್ಷ್ಮಾಣುಗಳು ಮನೆ ಮಾಡಿಕೊಂಡಿರುತ್ತವೆ. ತೆಗೆಯದೆ ಬಿಟ್ಟರೆ ಉಗುಳಿನಲ್ಲಿರುವ ಸುಣ್ಣದಂಶ ಸೇರಿ ಪಾಚಿ ಕಲ್ಲಿನಂತಾಗುತ್ತದೆ. ಹಾಗೆ ಗಟ್ಟಿಯಾದುದನ್ನು ಬ್ರಶ್ಶಿನಿಂದ ತೆಗೆಯಲು ಬರುವುದಿಲ್ಲ.

ಪಾಚಿಯೇ ಕಾರಣ ಎಂಬುದು ಹೇಗೆ ಗೊತ್ತಾಯಿತು? 1965ರಲ್ಲಿ ಡೆನ್ಮಾರ್ಕ್ ದೇಶದಲ್ಲಿ ಲೋ ಎಂಬ ವಿಜ್ಞಾನಿ ಮತ್ತು ಜೊತೆಗಾರರು 12 ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರಗಳ ಒಳಗೆ ಎಲ್ಲರ ವಸಡೂ ಕೆಂಪೇರಿ ಉಬ್ಬಿತು. ಮತ್ತೆ ಉಜ್ಜಲು ಹಚ್ಚಿದಾಗ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ಅಂದರೆ ರೋಗವು ಮೊದಲ ಹಂತದಲ್ಲಿರುವಾಗ ಪೂರ್ತಿಯಾಗಿ ಗುಣವಾಗುತ್ತದೆ. ಈ ಒಂದು ಮಾತನ್ನು ಗಂಟು ಕಟ್ಟಿ ಇಟ್ಟುಕೊಳ್ಳಿರಿ.

ಸಿಪಾಯಿಗಳು ಮತ್ತು ಅವರ ಮದ್ದುಗುಂಡು

ಸೂಕ್ಷ್ಮಾಣುಗಳು ವಸಡಿನ ಕಂದಕಕ್ಕೆ ಇಳಿದೊಡನೆ ದೇಹವು ಸುಮ್ಮನಿರುವುದಿಲ್ಲ. ರಕ್ತದಲ್ಲಿರುವ ಬಿಳಿಯ ಕಣಗಳು ಸಿಪಾಯಿಗಳಂತೆ ಅಲ್ಲಿಗೆ ಓಡಿಬರುತ್ತವೆ. ವಸಡು ಕೆಂಪಾಗಿ ಉಬ್ಬುವುದು, ಮುಟ್ಟಿದರೆ ರಕ್ತ ಬರುವುದು ಈ ಕಾಳಗದ ಗುರುತು.

ಈ ಸಿಪಾಯಿಗಳ ಮದ್ದುಗುಂಡು ಯಾವುದು? ನಾವು ಉಸಿರಾಡುವ ಆಮ್ಲಜನಕವೇ. ಬಿಳಿಯ ಕಣಗಳು ಅದನ್ನು ಉಗ್ರ ರೂಪಕ್ಕೆ ತಿರುಗಿಸಿ ಸೂಕ್ಷ್ಮಾಣುಗಳ ಮೇಲೆ ಸುರಿಯುತ್ತವೆ. ಮೊದಲು ಹುಟ್ಟುವುದು ಸೂಪರ್ ಆಕ್ಸೈಡ್. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಅದರಿಂದ ಮುಂದೆ ಹೈಪೋಕ್ಲೋರಸ್ ಆಮ್ಲವೂ ಆಗುತ್ತದೆ. ಹೆಸರು ಕೇಳಿ ಗಾಬರಿಯಾಗಬೇಡಿರಿ. ಊರ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದಾಗ ನೀರಿನಲ್ಲಿ ಹುಟ್ಟಿ ರೋಗಾಣುಗಳನ್ನು ಕೊಲ್ಲುವುದೂ ಇದೇ ಆಮ್ಲ. ನಮ್ಮ ದೇಹವು ತನ್ನ ಬ್ಲೀಚಿಂಗ್ ಪುಡಿಯನ್ನು ತಾನೇ ಮಾಡಿಕೊಳ್ಳುತ್ತದೆ.

ಆದರೆ ಬ್ಲೀಚಿಂಗ್ ಪುಡಿ ಬಟ್ಟೆಯ ಮೇಲೆ ಚೆಲ್ಲಿದರೆ ಏನಾಗುತ್ತದೆ? ಬಣ್ಣ ಹೋಗುತ್ತದೆ, ನೂಲು ಸಾಯುತ್ತದೆ. ಅದೇ ರೀತಿ ಕಾಳಗ ಬಹುದಿನ ನಡೆದರೆ ಈ ಉಗ್ರ ಆಮ್ಲಜನಕವು ನಮ್ಮ ವಸಡನ್ನೇ ಸುಡುತ್ತದೆ. ಗೋಡೆಯ ಮೇಲೆ ನಿಂತು ಹಗಲಿರುಳು ಹಾರಿಸಿದ ತೋಪಿನ ಅದಿರಿಗೆ ತಮ್ಮದೇ ಗೋಡೆ ಬಿರುಕು ಬಿಟ್ಟಂತೆ.

ಆಮ್ಲಜನಕ ಹೀಗೆ ಹಾನಿ ಮಾಡುವುದು ನಿಮಗೆ ಹೊಸದಲ್ಲ. ಮಳೆಗಾಲದಲ್ಲಿ ಹೊರಗೆ ಬಿಟ್ಟ ಕುಡುಗೋಲಿಗೆ ಜಂಗು ಹಿಡಿಯುತ್ತದೆ. ಬಹಳ ದಿನ ಇಟ್ಟ ಶೇಂಗಾ ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ. ಎರಡೂ ಆಮ್ಲಜನಕದ ಕೆಲಸವೇ. ಇದಕ್ಕೆ ಉತ್ಕರ್ಷಣ ಎಂದು ಹೆಸರು. ನಮ್ಮ ಮೈಯ ಕಣಗಳ ಹೊರಪೊರೆಯಲ್ಲಿಯೂ ಜಿಡ್ಡಿನ ಅಂಶವಿದೆ. ಅದೂ ಎಣ್ಣೆಯಂತೆ ಕೆಡುತ್ತದೆ. ಕೆಡಿಸುವ ಬಲವು ಕಾಯುವ ಬಲಕ್ಕಿಂತ ಹೆಚ್ಚಾದಾಗ ಆ ಸ್ಥಿತಿಯನ್ನು ವಿಜ್ಞಾನಿಗಳು ಉತ್ಕರ್ಷಣದ ಒತ್ತಡ ಎನ್ನುತ್ತಾರೆ.

ಮೂವರು ಕಾವಲುಗಾರರು

ಹಾಗಾದರೆ ನಮ್ಮ ಮೈ ಏಕೆ ದಿನವೂ ಸುಟ್ಟುಹೋಗುವುದಿಲ್ಲ? ಕಾವಲುಗಾರರು ಇದ್ದಾರೆ, ಅದಕ್ಕೆ. ಇವರಿಗೆ ಕಿಣ್ವಗಳು ಎಂದು ಹೆಸರು. ಹಾಲಿಗೆ ಹೆಪ್ಪು ಹಾಕಿದಾಗ ಅದನ್ನು ಮೊಸರಾಗಿಸುವ ಕೆಲಸವೂ ಸೂಕ್ಷ್ಮಾಣುಗಳೊಳಗಿನ ಕಿಣ್ವಗಳದೇ. ವಸಡನ್ನು ಕಾಯುವವರಲ್ಲಿ ಮೂವರು ಮುಖ್ಯರು.

ಮೊದಲನೆಯವನು ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್. ಅತಿ ಉಗ್ರವಾದ ಸೂಪರ್ ಆಕ್ಸೈಡನ್ನು ಹಿಡಿದು ಹೈಡ್ರೋಜನ್ ಪೆರಾಕ್ಸೈಡ್ ಆಗಿ ತಗ್ಗಿಸುವುದು ಇವನ ಕೆಲಸ. 1938ರಲ್ಲಿ ದನದ ರಕ್ತದಿಂದ ತಾಮ್ರವಿರುವ ಒಂದು ಸಾರವನ್ನು ವಿಜ್ಞಾನಿಗಳು ಬೇರ್ಪಡಿಸಿದ್ದರು. ಅದು ಏನು ಕೆಲಸ ಮಾಡುತ್ತದೆ ಎಂಬುದು ಮಾತ್ರ ಮೂವತ್ತು ವರ್ಷ ತಿಳಿದಿರಲಿಲ್ಲ. 1969ರಲ್ಲಿ ಅಮೆರಿಕದ ಮ್ಯಾಕ್‌ಕಾರ್ಡ್ ಮತ್ತು ಫ್ರಿಡೊವಿಚ್ ಎಂಬವರು ಅದು ಈ ಕಾವಲುಗಾರನೇ ಎಂದು ತೋರಿಸಿದರು. ಇವನ ಕೈಯ ಆಯುಧ ತಾಮ್ರ ಮತ್ತು ಸತು. ಭತ್ತದ ಗದ್ದೆಗೆ ನೀವು ಜಿಂಕ್ ಸಲ್ಫೇಟ್ ಹಾಕುತ್ತೀರಲ್ಲವೇ, ಅದೇ ಸತು. ಪೈರಿನೊಳಗೂ ಇದೇ ಕಾವಲುಗಾರ ಇದ್ದಾನೆ. ಮಳೆ ಹೋಗಿ ಪೈರು ಬಾಡುವಾಗ ಅದನ್ನು ಉಳಿಸಲು ಅವನೂ ದುಡಿಯುತ್ತಾನೆ.

ಎರಡನೆಯವನು ಕ್ಯಾಟಲೇಸ್. ಮೊದಲಿನವನು ಬಿಟ್ಟ ಹೈಡ್ರೋಜನ್ ಪೆರಾಕ್ಸೈಡನ್ನು ಇವನು ನೀರು ಮತ್ತು ಸಾಧಾರಣ ಆಮ್ಲಜನಕವಾಗಿ ಒಡೆಯುತ್ತಾನೆ. ಇವನಿಗೆ ಬೇಕಾದ ಲೋಹ ಕಬ್ಬಿಣ.

ಮೂರನೆಯವನು ಗ್ಲುಟಾಥಯೋನ್ ಪೆರಾಕ್ಸಿಡೇಸ್. ಇವನೂ ಪೆರಾಕ್ಸೈಡನ್ನು ನೀರು ಮಾಡುತ್ತಾನೆ. ಜೊತೆಗೆ, ಕೆಟ್ಟ ಎಣ್ಣೆಯಂತಾದ ಜಿಡ್ಡಿನ ವಿಷವನ್ನೂ ತಗ್ಗಿಸುತ್ತಾನೆ. ಇವನಿಗೆ ಅತಿ ಸ್ವಲ್ಪ ಪ್ರಮಾಣದಲ್ಲಿ ಸೆಲೆನಿಯಮ್ ಎಂಬ ಧಾತು ಬೇಕು.

ಮೂವರೂ ಒಂದೇ ಸಾಲಿನಲ್ಲಿ ನಿಂತು ಕೈಯಿಂದ ಕೈಗೆ ಕೊಡದ ನೀರು ದಾಟಿಸಿ ಬೆಂಕಿ ಆರಿಸುವವರಂತೆ. ಒಬ್ಬನು ಕೈಬಿಟ್ಟರೆ ಸಾಲು ಕೆಡುತ್ತದೆ.

ಬಟಾಟಿಯಲ್ಲಿ ಕಣ್ಣಾರೆ ನೋಡಿರಿ

ನಮ್ಮ ಸೀಮೆಯಲ್ಲಿ ಬಟಾಟಿಗೆ ಬರವಿಲ್ಲ. ಎರಡು ಬಟಾಟಿ ತೆಗೆದುಕೊಳ್ಳಿರಿ. ಒಂದನ್ನು ಚೆನ್ನಾಗಿ ಬೇಯಿಸಿ ಆರಿಸಿರಿ, ಇನ್ನೊಂದು ಹಸಿಯಾಗಿಯೇ ಇರಲಿ. ಎರಡನ್ನೂ ಹೆಚ್ಚಿ, ಹೋಳುಗಳ ಮೇಲೆ ಔಷಧ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ನಾಲ್ಕು ಹನಿ ಹಾಕಿರಿ. ಹಸಿ ಹೋಳು ನೊರೆ ನೊರೆಯಾಗಿ ಉಕ್ಕುತ್ತದೆ. ಬೆಂದ ಹೋಳು ಸುಮ್ಮನಿರುತ್ತದೆ.

ಕಾರಣವೇನು? ಹಸಿ ಬಟಾಟಿಯಲ್ಲಿ ಕ್ಯಾಟಲೇಸ್ ಜೀವಂತವಾಗಿದೆ. ಅದು ಪೆರಾಕ್ಸೈಡನ್ನು ಒಡೆದಾಗ ಹೊರಬಿದ್ದ ಆಮ್ಲಜನಕವೇ ಆ ನೊರೆ. ಬೇಯಿಸಿದಾಗ ಶಾಖಕ್ಕೆ ಕಿಣ್ವ ಕೆಟ್ಟಿತು. ಶಾಲೆಯ ಮಕ್ಕಳಿಗೆ ಗುರುಗಳು ಇದನ್ನು ಮಾಡಿ ತೋರಿಸಬಹುದು. ಆದರೆ ಈ ಔಷಧ ಕಣ್ಣಿಗೆ ತಾಗಬಾರದು. ವೈದ್ಯರು ಹೇಳದೆ ಬಾಯಿಗೂ ಹಾಕಬಾರದು.

ವಿಜ್ಞಾನಿಗಳು ಅಳೆದು ಕಂಡದ್ದು

ವಸಡಿನ ರೋಗ ಬಲಿತವರ ಉಗುಳು, ರಕ್ತ ಮತ್ತು ವಸಡಿನ ಕಂದಕದಲ್ಲಿ ಒಸರುವ ದ್ರವವನ್ನು ಹಲವು ದೇಶಗಳಲ್ಲಿ ಪರೀಕ್ಷಿಸಿದ್ದಾರೆ. ಜಿಡ್ಡು ಕೆಟ್ಟಾಗ ಹುಟ್ಟುವ ಮೆಲಾನ್ ಡೈಆಲ್ಡಿಹೈಡ್ ಎಂಬ ವಸ್ತು ಅವರಲ್ಲಿ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಒಟ್ಟು ಕಾವಲಿನ ಬಲ ಕಡಿಮೆಯಿರುತ್ತದೆ. ಮೂರು ಕಿಣ್ವಗಳ ವಿಷಯದಲ್ಲಿ ಎಲ್ಲ ಅಳತೆಗಳೂ ಒಂದೇ ಆಗಿಲ್ಲ. ಕೆಲವು ಕಡೆ ಕಡಿಮೆ, ಕೆಲವು ಕಡೆ ಹೆಚ್ಚು ಕಂಡಿವೆ. ಮೊದಮೊದಲು ದೇಹ ಹೆಚ್ಚು ಕಾವಲುಗಾರರನ್ನು ಕಳಿಸುತ್ತದೆ, ಕಾಳಗ ಬೆಳೆದಂತೆ ಅವರು ಸೋಲುತ್ತಾರೆ ಎಂದು ಹಲವರು ಇದಕ್ಕೆ ಕಾರಣ ಹೇಳುತ್ತಾರೆ.

ಸಮಾಧಾನದ ಸಂಗತಿಯೆಂದರೆ, ದಂತವೈದ್ಯರು ಬೇರಿನವರೆಗೆ ಪಾಚಿ-ಕಲ್ಲು ತೆಗೆದು ಸ್ವಚ್ಛ ಮಾಡಿದ ಮೇಲೆ ಕೆಡುವಿಕೆಯ ಗುರುತುಗಳು ಇಳಿಯುತ್ತವೆ. ಮುತ್ತಿಗೆ ತೆಗೆದರೆ ಬೆಂಕಿ ತಾನೇ ಆರುತ್ತದೆ.

ಮುತ್ತಿಗೆ ತೆಗೆಯದಿದ್ದರೆ? ಶ್ರೀಲಂಕಾದಲ್ಲಿ ಹಲ್ಲುಜ್ಜುವ ರೂಢಿಯಿಲ್ಲದ 480 ಚಹಾ ತೋಟದ ಕೂಲಿಗಾರರನ್ನು 1970ರಿಂದ 15 ವರ್ಷ ಪರೀಕ್ಷಿಸಿದರು. ನೂರಕ್ಕೆ 81 ಜನರಲ್ಲಿ ರೋಗ ಮಧ್ಯಮ ಗತಿಯಲ್ಲಿ ಬೆಳೆಯಿತು. 8 ಜನರಲ್ಲಿ ಬಲು ವೇಗವಾಗಿ ಬೆಳೆಯಿತು. ಇವರು 45 ವಯಸ್ಸಿಗೆಲ್ಲ ಬಹುತೇಕ ಎಲ್ಲ ಹಲ್ಲುಗಳನ್ನೂ ಕಳೆದುಕೊಳ್ಳುವಂತಿದ್ದರು. ಉಳಿದ 11 ಜನರಲ್ಲಿ ವಸಡು ಉಬ್ಬಿದ್ದರೂ ಎಲುಬಿನವರೆಗೆ ರೋಗ ಇಳಿಯಲಿಲ್ಲ. ಒಂದೇ ಬಗೆಯ ಕೆಲಸ, ಒಂದೇ ಬಗೆಯ ಪಾಚಿ. ಪರಿಣಾಮ ಮಾತ್ರ ಬೇರೆ ಬೇರೆ. ಪಾಚಿಯಷ್ಟೇ ಅಲ್ಲ, ಅದನ್ನು ತಡೆಯುವ ದೇಹದ ಬಗೆಯೂ ಲೆಕ್ಕಕ್ಕೆ ಬರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ನಾವು ಯಾವ ಗುಂಪಿನವರೆಂದು ಮೊದಲೇ ಹೇಳಲು ಬಾರದು. ಆದ್ದರಿಂದ ಎಲ್ಲರೂ ಎಚ್ಚರದಿಂದಿರುವುದೇ ಲೇಸು.

ತಂಬಾಕು ಎಂಬ ಒಳಗಿನ ಶತ್ರು

ತಂಬಾಕಿನ ಹೆಸರು ಹೇಳಿದರೆ ನಮ್ಮ ಜಿಲ್ಲೆಯವರಿಗೆ ಬೇಸರವಾಗಬಹುದು, ಏಕೆಂದರೆ ನಿಪ್ಪಾಣಿ ಸೀಮೆ ಬೆಳೆಯುವುದೇ ಅದನ್ನು. ಆದರೂ ಸತ್ಯವನ್ನು ಹೇಳಲೇಬೇಕು. ಬೀಡಿಯ ಹೊಗೆ ಉಗ್ರ ಕಣಗಳನ್ನು ನೇರವಾಗಿ ಬಾಯಿಗೆ ತಂದು ಸುರಿಯುತ್ತದೆ. ಕಾವಲುಗಾರರ ಬಲ ಅವನ್ನು ತಡೆಯುವುದರಲ್ಲೇ ಕರಗುತ್ತದೆ. ಸುಣ್ಣ ಬೆರೆಸಿ ದವಡೆಗೆ ಇಟ್ಟ ತಂಬಾಕು ಆ ಜಾಗದ ವಸಡನ್ನು ಕೆಳಗೆ ಸರಿಸುತ್ತದೆ, ಬಾಯಿಯ ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಗುಟ್ಕಾದ ಮಾತೂ ಅಷ್ಟೇ.

ಇನ್ನೊಂದು ಮೋಸವಿದೆ. ತಂಬಾಕು ಸೇದುವವರ ವಸಡಿನಿಂದ ರಕ್ತ ಕಡಿಮೆ ಬರುತ್ತದೆ. "ನನಗೆ ರಕ್ತವೇ ಬರುವುದಿಲ್ಲ, ವಸಡು ಗಟ್ಟಿ" ಎಂದು ಅವರು ಹೆಮ್ಮೆಪಡುತ್ತಾರೆ. ಒಳಗೆ ಎಲುಬು ಕರಗುತ್ತಿರುತ್ತದೆ. ಎಚ್ಚರಿಸುವ ಗಂಟೆ ಮಾತ್ರ ಬಾರಿಸುವುದಿಲ್ಲ.

ತಾಯಂದಿರಲ್ಲಿ ಒಂದು ವಿನಂತಿ. ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲು ಉಜ್ಜುವ ರೂಢಿ ನಮ್ಮ ಗಡಿ ಭಾಗದ ಹಳ್ಳಿಗಳಲ್ಲಿ ಉಂಟು. ಅದು ಹಲ್ಲುಪುಡಿಯಲ್ಲ, ತಂಬಾಕೇ. ವಸಡಿನ ಮೂಲಕ ಅದರ ವಿಷ ರಕ್ತಕ್ಕೆ ಸೇರುತ್ತದೆ. ಬಸುರಿಯಿದ್ದಾಗ ಹಚ್ಚಿದರೆ ಹೊಟ್ಟೆಯೊಳಗಿನ ಕೂಸಿನ ತೂಕವೂ ಕಡಿಮೆಯಾಗುತ್ತದೆ. ಅತ್ತೆಯವರು ಕೊಟ್ಟರೂ ಸೊಸೆಯಂದಿರು ಕೈ ಮುಗಿದು ಬೇಡವೆನ್ನಿರಿ.

ಸಕ್ಕರೆ ಕಾಯಿಲೆಯವರು ಗಮನಿಸಿರಿ

ಸಕ್ಕರೆ ಕಾಯಿಲೆ ಇಂದು ಹಳ್ಳಿಗೂ ಬಂದಿದೆ. ರಕ್ತದಲ್ಲಿ ಸಕ್ಕರೆ ಏರಿದರೆ ಉಗ್ರ ಆಮ್ಲಜನಕದ ಹಾವಳಿ ಹೆಚ್ಚುತ್ತದೆ, ವಸಡಿನ ರೋಗ ಬೇಗ ಬಲಿಯುತ್ತದೆ. ವಸಡಿನ ರೋಗ ಬಲಿತರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಒಂದು ಇನ್ನೊಂದನ್ನು ಸಾಕುತ್ತದೆ. ವಸಡಿಗೆ ಚಿಕಿತ್ಸೆ ಆದ ಮೇಲೆ ಸಕ್ಕರೆಯ ಮಟ್ಟ ಸ್ವಲ್ಪ ಇಳಿಯುವುದನ್ನೂ ಕಂಡಿದ್ದಾರೆ. ಆದ್ದರಿಂದ ಸಕ್ಕರೆ ಕಾಯಿಲೆ ಇದ್ದವರು ಹಲ್ಲನ್ನೂ ತೋರಿಸಿರಿ. ಹಲ್ಲು ಒಮ್ಮೆಲೇ ಸಡಿಲಾದವರು ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿರಿ.

ಊಟದಿಂದ ಆಗುವುದೆಷ್ಟು?

1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ವಸಡು ಕೊಳೆತು ನರಳುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಬೇರೆ ಮಾಡಿ ಬೇರೆ ಬೇರೆ ಪಥ್ಯ ಕೊಟ್ಟನು. ಕಿತ್ತಳೆ-ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಅದು ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ರೋಗ. ನಾವು ಹೇಳುತ್ತಿರುವ ರೋಗ ಬೇರೆ. ಆದರೂ ಸಿ ಜೀವಸತ್ವ ವಸಡಿನ ನಾರು ಕಟ್ಟಲು ಬೇಕು, ಉಗ್ರ ಆಮ್ಲಜನಕವನ್ನು ತಣಿಸಲೂ ಬೇಕು.

ಇದಕ್ಕಾಗಿ ಪೇಟೆಯ ಗುಳಿಗೆಗೆ ಹಣ ಹಾಕಬೇಕಾಗಿಲ್ಲ. ನೆಲ್ಲಿಕಾಯಿ, ಪೇರಲ, ನಿಂಬೆ, ಹಸಿರು ಮೆಣಸಿನಕಾಯಿ, ಎಳೆಯ ಸೊಪ್ಪು ನಮ್ಮಲ್ಲೇ ಇವೆ. ಸತು, ತಾಮ್ರ, ಕಬ್ಬಿಣ ಕಾಳು-ಕಡಿಯಲ್ಲಿ, ಎಳ್ಳು-ಶೇಂಗಾದಲ್ಲಿ, ಜೋಳದಲ್ಲಿ ಇವೆ. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಮೆಂತ್ಯ, ಒಂದು ಪೇರಲ ಹಣ್ಣು — ಇಷ್ಟಿದ್ದರೆ ಕಾವಲುಗಾರರಿಗೆ ಬೇಕಾದ ಬಹುಪಾಲು ಸಾಮಗ್ರಿ ಮನೆಯಲ್ಲೇ ಒದಗಿತು.

ಆದರೆ ಒಂದು ಎಚ್ಚರಿಕೆ. ಊಟವೊಂದೇ ವಸಡಿನ ರೋಗವನ್ನು ಗುಣಪಡಿಸುವುದಿಲ್ಲ. ಕಸ ಕೀಳದೆ ಗೊಬ್ಬರ ಹಾಕಿದರೆ ಬೆಳೆಯುವುದು ಯಾವುದು? ಮೊದಲು ಪಾಚಿ ತೆಗೆಯಬೇಕು. ಊಟ ಅದಕ್ಕೆ ಬೆಂಬಲ.

ಮಾಡತಕ್ಕ ಕೆಲಸಗಳು

1. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಹಲ್ಲುಜ್ಜಿರಿ. ರಾತ್ರಿ ಮಲಗುವ ಮುನ್ನ ಉಜ್ಜುವುದು ಹೆಚ್ಚು ಮುಖ್ಯ. ಮೆತ್ತನೆಯ ಬ್ರಶ್ಶನ್ನು ವಸಡು-ಹಲ್ಲು ಕೂಡುವ ಗೆರೆಗೆ ಓರೆಯಾಗಿ ಹಿಡಿದು ಸಾವಕಾಶ ಉಜ್ಜಿರಿ. ಎಳೆ ಬಾಗಿದ ಬ್ರಶ್ ಬದಲಿಸಿರಿ.

2. ಬೇವಿನ ಕಡ್ಡಿ ಬಳಸುವವರು ತುದಿಯನ್ನು ಚೆನ್ನಾಗಿ ಜಗಿದು ಕುಂಚದಂತೆ ಮೆತ್ತಗೆ ಮಾಡಿಕೊಳ್ಳಿರಿ. ಹಿಂದಿನ ಹಲ್ಲು ಮತ್ತು ಒಳಬದಿಯನ್ನು ಮರೆಯಬೇಡಿರಿ. ಇಟ್ಟಂಗಿ ಪುಡಿ, ಇದ್ದಿಲು, ಮರಳು ಬೇಡ. ಅವು ಹಲ್ಲಿನ ಹೊಳಪಿನ ಪದರನ್ನೇ ತಿಂದುಹಾಕುತ್ತವೆ.

3. ರಕ್ತ ಬಂತೆಂದು ಉಜ್ಜುವುದನ್ನು ಬಿಡಬೇಡಿರಿ. ಹೆಚ್ಚಿನವರು ಮಾಡುವ ತಪ್ಪು ಇದೇ. ಸರಿಯಾಗಿ ಉಜ್ಜುತ್ತ ಹೋದರೆ ಒಂದು ವಾರ-ಹತ್ತು ದಿನಗಳಲ್ಲಿ ರಕ್ತ ಕಡಿಮೆಯಾಗಬೇಕು. ಎರಡು ವಾರವಾದರೂ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಿರಿ.

4. ವಸಡು ಕೆಳಗೆ ಸರಿಯುವುದು, ಬಾಯಿ ನಾರುವುದು, ಹಲ್ಲಿನ ನಡುವೆ ಹೊಸದಾಗಿ ಸಂದು ಬೀಳುವುದು, ಕೀವು, ಅಲುಗಾಟ — ಇವುಗಳಲ್ಲಿ ಯಾವುದು ಕಂಡರೂ ತಡಮಾಡಬೇಡಿರಿ.

5. "ಕಲ್ಲು ತೆಗೆಸಿದರೆ ಹಲ್ಲು ಸಡಿಲಾಗುತ್ತವೆ" ಎಂಬ ಮಾತು ಸುಳ್ಳು. ಸಡಿಲು ಮಾಡಿದ್ದು ಆ ಕಲ್ಲು ಮತ್ತು ಅದರ ಮೇಲಿನ ಪಾಚಿ. ತೆಗೆದಾಗ ಕೆಲವು ದಿನ ಹಲ್ಲು ಝುಮ್ಮೆನ್ನಬಹುದು; ಮುಂದೆ ವಸಡು ಬಿಗಿಯುತ್ತದೆ.

6. ಸಂತೆಯಲ್ಲಿ ಕೂತು ಹಲ್ಲು ಕೀಳುವವರ ಕೈಗೆ ಬಾಯಿ ಕೊಡಬೇಡಿರಿ. ತಾಲೂಕಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ದಂತ ಮಹಾವಿದ್ಯಾಲಯ 1985ರಿಂದ ಇದೆ; ಮರಾಠಾ ಮಂಡಳದ ದಂತ ಮಹಾವಿದ್ಯಾಲಯವೂ ಇದೆ. ವಸಡಿಗಾಗಿಯೇ ಬೇರೆ ವಿಭಾಗವಿರುವ ಇಂಥ ವಿದ್ಯಾಲಯಗಳು ಖಾನಾಪುರದವರಿಗೂ ದೂರವಲ್ಲ.

ಕೊನೆಯ ಮಾತು

"ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ" ಎಂಬ ಗಾದೆಯನ್ನು ನಮ್ಮ ಹಿರಿಯರು ನಿಟ್ಟುಸಿರಿನಿಂದ ಹೇಳಿದರು. ಇಂದು ಹಲ್ಲು ಮತ್ತು ಕಡಲೆ ಎರಡನ್ನೂ ಉಳಿಸಿಕೊಳ್ಳುವ ದಾರಿ ತಿಳಿದಿದೆ. ಆದರೆ ಒಂದು ನೆನಪಿರಲಿ. ಉಬ್ಬಿದ ವಸಡು ಮರಳಿ ಸರಿಹೋಗುತ್ತದೆ; ಕರಗಿದ ಎಲುಬು ತಾನಾಗಿ ಮರಳಿ ಬೆಳೆಯುವುದಿಲ್ಲ. ವೈದ್ಯರು ಅಲ್ಲಿಗೇ ತಡೆದು ನಿಲ್ಲಿಸಬಲ್ಲರು, ಅಷ್ಟೇ. ಬದುವು ಒಡೆಯುವ ಮೊದಲು ಮಣ್ಣು ಹಾಕುವವನೇ ಜಾಣ ಒಕ್ಕಲಿಗ.

ನಾಳೆ ಬೆಳಗ್ಗೆ ಹಲ್ಲುಜ್ಜಿ ಉಗುಳುವಾಗ ಒಂದು ಕ್ಷಣ ನಿಂತು ನೋಡಿರಿ. ಉಗುಳು ಕೆಂಪಾಗಿದ್ದರೆ ನಿಮ್ಮ ಕೋಟೆಗೆ ಮುತ್ತಿಗೆ ಬಿದ್ದಿದೆ ಎಂದು ತಿಳಿಯಿರಿ. ಕಾವಲುಗಾರರು ಒಳಗೆ ದುಡಿಯುತ್ತಿದ್ದಾರೆ. ಹೊರಗಿನಿಂದ ನೆರವು ಕಳಿಸುವುದು ನಿಮ್ಮ ಕೈಯಲ್ಲಿದೆ.